ಮುಂಡಾಜೆಯ ಬಾವಿಯ ತಳದ ಕಲ್ಲು

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಮೈಸೂರು ಬಿಡಬೇಕಾಗಿದ್ದ ಬಸ್ಸು ಏಳು ಗಂಟೆಯಾದರೂ ನಿಂತಲ್ಲೇ ನಿಂತಿತ್ತು. ಡ್ರೈವರು ಎಲ್ಲೋ ಕಾಫಿಗೆ ಹೋಗಿದ್ದನಂತೆ. ನಾನು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು, ಹೀಗೆ ಮಾಡುತ್ತಿದ್ದೆ. ಕಂಡಕ್ಟರು ನೋಡಿ ನೋಡಿ ಸಾಕಾಗಿ, "ಕೂತ್ಕೊಳ್ಳಿ ಸ್ವಾಮಿ, ನಿಮ್ಮನ್ನ ಬಿಟ್ಟು ಬಸ್ಸೇನು ಒಂದೇ ಹೋಗುತ್ತಾ?" ಎಂದ. ಕೂತೆ. ಕೂತರೂ ಕಾಲು ಸುಮ್ಮನಿರಲಿಲ್ಲ. ಮಡಿಲಲ್ಲಿ ಕ್ಯಾನ್ವಾಸ್ ಚೀಲ; ಅದರಲ್ಲಿ ಕಲ್ಲೊಡೆಯುವ ಸುತ್ತಿಗೆ, ಒಂದು ಡಜನ್ ಬಟ್ಟೆಯ ಸಣ್ಣ ಚೀಲಗಳು, ಹೆಸರು ಬರೆಯಲು ರಟ್ಟಿನ ಚೀಟಿಗಳು, ಶಾಯಿ ಪೆನ್ಸಿಲು, ಎರಡು ಜೊತೆ ಬಟ್ಟೆ. ಬಂಟ್ವಾಳಕ್ಕೆ ಆರು ರೂಪಾಯಿ ಚಿಲ್ಲರೆಯ ಟಿಕೆಟ್ಟು. ಸೋಮವಾರ ಬೆಳಿಗ್ಗೆಯ ಹೊತ್ತಿಗೆ ನಾನು ವಾಪಸು ಬಂದಿರಲೇಬೇಕಾಗಿತ್ತು.

ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆಗ ನಾನು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದುಕೊಂಡು ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದೆ. ವಿಷಯ, ಲ್ಯಾಂಥನಮ್ ಮತ್ತು ಸೀರಿಯಮ್ ಎಂಬ ಎರಡು ಮೂಲಧಾತುಗಳು. ಬಂಡೆಯಲ್ಲಿ ಇವು ಇರುವುದು ಇದೆಯೋ ಇಲ್ಲವೋ ಅನ್ನುವಷ್ಟು. ಗುಣದಲ್ಲಿ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಪ್ರಯೋಗಾಲಯದಲ್ಲಿ ಇವನ್ನು ಬೇರೆ ಮಾಡಲು ಹೊರಟವರ ಬೆವರು ಇಳಿದುಹೋಗಿದೆ. ಒಂದು ಇದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ. ಆದರೆ ನಾವು ಬೆವರಿಳಿಸಿ ಮಾಡುವುದನ್ನು ಮಳೆನೀರು ಸದ್ದಿಲ್ಲದೆ ಮಾಡುತ್ತದೆ. ನೀರು ಬಂಡೆಯೊಳಗೆ ಇಳಿದು, ಲಕ್ಷಾಂತರ ವರ್ಷ ತೊಳೆದು, ಮೇಲೆ ಕೆಂಪು ಮುರಕಲ್ಲು, ಅದರ ಕೆಳಗೆ ಬಿಳಿಯ ಮೆತ್ತನೆ ಮಣ್ಣು ಆಗುತ್ತದಲ್ಲ, ಅಲ್ಲಿ ಈ ಜೋಡಿ ಬೇರೆಯಾಗುತ್ತದೆ. ಸೀರಿಯಮ್ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು, ನೀರಿಗೆ ಜಗ್ಗದ ರೂಪಕ್ಕೆ ತಿರುಗಿ, ಮೇಲಿನ ಕೆಂಪು ಕಲ್ಲಿನಲ್ಲೇ ಕೂತುಬಿಡುತ್ತದೆ. ಲ್ಯಾಂಥನಮ್‌ಗೆ ಹಾಗೆ ಮಾಡಲು ಬರುವುದಿಲ್ಲ. ಅದು ನೀರಿನ ಜೊತೆ ಇಳಿದು ಹೋಗಿ ಕೆಳಗಿನ ಬಿಳಿ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಇಷ್ಟೇ ನನ್ನ ಪ್ರಬಂಧ. ಇದನ್ನು ತೋರಿಸಬೇಕಾದರೆ ಮೇಲಿನಿಂದ ಕೆಳಗಿನವರೆಗೆ ಕಲ್ಲು, ಮಣ್ಣು ತೆಗೆದು ತರಬೇಕು. ಫೆಬ್ರವರಿಯಲ್ಲಿ ದಕ್ಷಿಣ ಕನ್ನಡಕ್ಕೆ ಹೋಗಿ ಎರಡು ಕಡೆಯಿಂದ ತಂದಿದ್ದೆ. ಒಂದು, ಬಂಟ್ವಾಳದಲ್ಲಿ ಕಲ್ಲು ಕಡಿಯುವ ಗುಂಡಿ. ಇನ್ನೊಂದು, ಮುಂಡಾಜೆಯ ಒಂದು ಮನೆಯ ಬಾವಿ.

ಬಂಟ್ವಾಳದ್ದು ನಾನು ಹೇಳಿದ ಹಾಗೇ ಬಂತು. ಮುಂಡಾಜೆಯದ್ದು ಎಡವಟ್ಟಾಯಿತು. ಬಾವಿಯ ತಳದ ಕಲ್ಲಿನಲ್ಲಿ ಸೀರಿಯಮ್ ತುಂಬಿಕೊಂಡಿದೆ, ಲ್ಯಾಂಥನಮ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ! ನಮ್ಮ ವಿಭಾಗದಲ್ಲಿ ಈ ಪರೀಕ್ಷೆ ಮಾಡುತ್ತಿದ್ದವರು ಸರೋಜ. ಕಲ್ಲಿನ ಹುಡಿಯನ್ನು ವಿದ್ಯುತ್ ಕಿಡಿಯಲ್ಲಿ ಉರಿಸಿ, ಅದರ ಬೆಳಕನ್ನು ಬಿಡಿಸಿ ಗಾಜಿನ ಪ್ಲೇಟಿನ ಮೇಲೆ ಗೆರೆಗಳಾಗಿ ಹಿಡಿಯುವ ಕೆಲಸ. ನಾಲ್ಕು ವರ್ಷದಿಂದ ಹಂಗಾಮಿಯಾಗಿಯೇ ಇದ್ದರು. ಆ ಫಲಿತಾಂಶ ತಂದುಕೊಟ್ಟಾಗಲೇ ಅವರು, "ರಾಯರೇ, ಈ ಮೇಲಿನದೂ ತಳದ್ದೂ ಒಂದೇ ಕಲ್ಲು ನೋಡಿ, ಗೆರೆಗೆ ಗೆರೆ ಸರಿಯಾಗಿದೆ" ಎಂದಿದ್ದರು. ನಾನು ನಕ್ಕುಬಿಟ್ಟೆ. ಮೇಲಿನ ಕಲ್ಲು ಮೂವತ್ತು ಅಡಿ ಕೆಳಗೆ ಹೇಗೆ ಹೋಗುತ್ತದೆ?

ಪ್ರೊಫೆಸರು ನಗಲಿಲ್ಲ. "ಒಂದೋ ಚೀಲ ಅದಲುಬದಲಾಗಿದೆ, ಇಲ್ಲಾ ಪ್ಲೇಟು ಅದಲುಬದಲಾಗಿದೆ. ಯಾವುದು?" ಎಂದು ಕೇಳಿದರು. ಚೀಟಿಗಳನ್ನು ನನ್ನ ಕೈಯಾರೆ ಬರೆದಿದ್ದೆ, ಬಾವಿಯಲ್ಲಿ ನೇತಾಡಿಕೊಂಡೇ ಚೀಲಕ್ಕೆ ಕಟ್ಟಿದ್ದೆ. "ನನ್ನ ಚೀಲದಲ್ಲಿ ತಪ್ಪಿಲ್ಲ ಸಾರ್, ಅದನ್ನ ಆ ಕಡೆ ಕೇಳಿ" ಎಂದು ಸರೋಜ ಪ್ಲೇಟು ತೊಳೆಯುವ ಕತ್ತಲ ಕೋಣೆಯ ಕಡೆ ಕೈ ತೋರಿಸಿದೆ. ಸರೋಜ ಅಲ್ಲೇ ನಿಂತಿದ್ದರು. ಅವರನ್ನು ಕಾಯಂ ಮಾಡುವುದೋ ಬಿಡಿಸುವುದೋ ಎಂದು ತೀರ್ಮಾನಿಸುವ ಸಮಿತಿ ಮುಂದಿನ ತಿಂಗಳಿತ್ತು. ಇಂಥ ತಪ್ಪು ಫೈಲಿಗೆ ಹೋದರೆ ಕೆಲಸ ಹೋದಂತೆಯೇ. ಅದು ನನಗೂ ಗೊತ್ತಿತ್ತು. ಆಮೇಲೆ ಮೂರು ವಾರ ನನಗೆ ಊಟ ಸೇರಲಿಲ್ಲ. ಸಮಿತಿ ಸೋಮವಾರ ಕೂಡುತ್ತದೆಂದು ತಿಳಿದ ದಿನ ರಜೆ ಬರೆದುಕೊಟ್ಟು ಹೊರಟೆ. ಮತ್ತೆ ಕಲ್ಲು ತಂದು ನಾನೇ ಸರಿ ಎಂದು ತೋರಿಸಿಬಿಟ್ಟರೆ ಮನಸ್ಸಿಗೆ ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದೆ. ಎಂಥ ನೆಮ್ಮದಿ ಅದು! ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮಡಿಕೇರಿಯಲ್ಲಿ ಇಡ್ಲಿ, ಸಂಪಾಜೆಯ ಇಳಿಜಾರಿನಲ್ಲಿ ಒಬ್ಬರಾದ ಮೇಲೊಬ್ಬರ ವಾಂತಿ, ಸುಳ್ಯದಲ್ಲಿ ಟಯರು ಪಂಕ್ಚರು. ಘಟ್ಟ ಇಳಿಯುತ್ತಿದ್ದಂತೆ ಏಪ್ರಿಲ್ ತಿಂಗಳ ಸೆಕೆ ಬಸ್ಸಿನೊಳಗೆ ಹೊಕ್ಕಿತು. ಪಾಣೆಮಂಗಳೂರಿನ ಕಬ್ಬಿಣದ ಸೇತುವೆ ದಾಟುವಾಗ ನೇತ್ರಾವತಿ ಅಡಿಯಲ್ಲಿ ಮರಳೇ ಮರಳಾಗಿತ್ತು. ನೀರು ಒಂದು ಬದಿಗೆ ಸರಿದುಕೊಂಡಿತ್ತು. ಬಂಟ್ವಾಳ ಪೇಟೆಯಲ್ಲಿ ಇಳಿದಾಗ ಸಂಜೆ ಆರು.

ಫೆಬ್ರವರಿಯಲ್ಲಿ ಉಳಿದಿದ್ದ ಹೋಟೆಲಿಗೇ ಹೋದೆ. ಯಜಮಾನ ಭಟ್ಟರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕನ್ನಡಕ ಎತ್ತಿ ನೋಡಿ, "ಎಂತ ಮಾರಾಯ್ರೆ, ಪುನಃ ಬಂದದ್ದು? ಹೋದ ಸಲದ ಕಲ್ಲು ಖರ್ಚಾಯಿತಾ?" ಎಂದರು.

"ಇಲ್ಲ, ಲೆಕ್ಕ ತಪ್ಪಿದೆ."

"ಕಲ್ಲಿಗೆ ಎಂತ ಲೆಕ್ಕ? ಕೂತುಕೊಳ್ಳಿ, ಗೋಳಿಬಜೆ ಬಿಸಿ ಉಂಟು."

ತಿಂದೆ. ತಿಂದದ್ದರ ರುಚಿ ಗೊತ್ತಾಗಲಿಲ್ಲ. ಮರುದಿನ ಬೆಳಕು ಹರಿಯುತ್ತಿದ್ದಂತೆ ಹೋಟೆಲಿನ ಹಿಂದಿನ ಗುಡ್ಡೆಗೆ ಹೋಗಿ ಕಲ್ಲು ಕಡಿದ ಗುಂಡಿ ನೋಡಿದೆ. ಎಲ್ಲ ಕಣ್ಣೆದುರಿಗೇ ಇತ್ತು. ಮೇಲೆ ಹತ್ತಡಿ ಕೆಂಪು ಮುರಕಲ್ಲು, ಚೌಕ ಚೌಕವಾಗಿ ಕಡಿದ ಗುರುತುಗಳು. ಕೆಳಗೆ ನಸುಗುಲಾಬಿ, ಅದರ ಕೆಳಗೆ ಬಿಳಿ. ಆ ಬಿಳಿ ಮಣ್ಣಿಗೆ ಇಲ್ಲಿಯವರು ಶೇಡಿ ಅನ್ನುತ್ತಾರೆ. ಬೆರಳಿನಲ್ಲಿ ಕೆರೆದರೆ ಉಗುರಿನೊಳಗೆ ಬೆಣ್ಣೆಯ ಹಾಗೆ ಬರುತ್ತದೆ. ಮುಂಡಾಜೆಯ ಬಾವಿಯಲ್ಲಿ ನಾನು ಇಂಥದ್ದನ್ನು ಕಂಡಿದ್ದೆನೇ ಎಂದು ನೆನಪು ಮಾಡಿಕೊಂಡೆ. ಕಂಡಿರಲಿಲ್ಲ. ಅಲ್ಲಿ ಮೇಲಿಂದ ಕೆಳಗಿನವರೆಗೂ ಪಾಚಿ ಹಿಡಿದ ಕೆಂಪು ಗೋಡೆಯೇ ಇತ್ತು. ಅಲ್ಲಿ ಮುರಕಲ್ಲಿನ ಪದರ ದಪ್ಪ ಎಂದು ಆಗ ಬರೆದುಕೊಂಡಿದ್ದೆ. ಈಗ ಸಂಶಯ ಬೇಡ ಎಂದು ನನಗೆ ನಾನೇ ಗದರಿಕೊಂಡು, ಪೇಟೆಯಲ್ಲಿ ದಪ್ಪದೊಂದು ತೆಂಗಿನ ನಾರಿನ ಹಗ್ಗ ಕೊಂಡು, ಬೆಳ್ತಂಗಡಿಯ ಬಸ್ಸು ಹತ್ತಿದೆ.

ಇಪ್ಪತ್ತು ಮೈಲಿ ಚಿಲ್ಲರೆಯ ದಾರಿ. ಆ ಬಸ್ಸಿಗೆ ಕೈ ತೋರಿಸಿದವರೆಲ್ಲ ನೆಂಟರೇ. ಪುಂಜಾಲಕಟ್ಟೆಯಲ್ಲಿ ಒಬ್ಬರು ಕೋಳಿ ಬುಟ್ಟಿ ಹತ್ತಿಸುವವರೆಗೆ, ಮಡಂತ್ಯಾರಿನಲ್ಲಿ ಇನ್ನೊಬ್ಬರು ಮನೆಯಿಂದ ಮರೆತ ಕೊಡೆ ತರುವವರೆಗೆ ಕಾದಿತು. ಆಕಾಶದಲ್ಲಿ ಘಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಒಂದು ದೊಡ್ಡ ಮಳೆ ಬಿದ್ದರೆ ಬಾವಿಯ ನೀರು ಏರುತ್ತದೆ, ತಳ ಸಿಗುವುದಿಲ್ಲ, ನಾನು ಬರಿಗೈಯಲ್ಲಿ ಹೋಗಬೇಕು. "ಸ್ವಲ್ಪ ಬೇಗ ಹೊರಡಿಸ್ತೀರಾ?" ಎಂದು ಕಂಡಕ್ಟರಿಗೆ ಎರಡು ಸಲ ಹೇಳಿದೆ. ಮೂರನೆಯ ಸಲಕ್ಕೆ ಅವನು, "ನಿಮ್ಮ ಮನೆಯಲ್ಲಿ ಎಂತಾದರೂ ಹೆಚ್ಚುಕಮ್ಮಿ ಆಗಿದೆಯಾ?" ಎಂದು ಮರುಕದಿಂದ ಕೇಳಿದ. ಬಾಯಿ ಮುಚ್ಚಿಕೊಂಡೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಉಜಿರೆ ದಾಟಿ ಚಾರ್ಮಾಡಿ ದಾರಿಯಲ್ಲಿ ಮುಂಡಾಜೆಗೆ ಬಂದು ಇಳಿದಾಗ ಹನ್ನೊಂದು ಗಂಟೆ.

ಬಾವಿಯ ಮನೆ ರಸ್ತೆಯಿಂದ ಅರ್ಧ ಮೈಲಿ, ಗದ್ದೆಯ ಮೇಲ್ಬದಿಯಲ್ಲಿ. ಯಜಮಾನಿ ಕಮಲಕ್ಕ, ಐವತ್ತರ ಆಚೀಚೆಯ ಹೆಂಗಸು, ಗಂಡ ತೀರಿಹೋದ ಮೇಲೆ ಬೇಸಾಯವೆಲ್ಲ ತಾನೇ ನಡೆಸುತ್ತಿದ್ದವರು. "ಬಲೆ, ಕುಳ್ಳುಲೆ" ಎಂದು ತುಳುವಿನಲ್ಲೇ ಕರೆದು ಕೂರಿಸಿ, ಬೆಲ್ಲ ನೀರು ತಂದಿಟ್ಟರು. ಬಾವಿಗೆ ಮತ್ತೆ ಇಳಿಯಬೇಕು ಎಂದದ್ದೇ ಮುಖ ಬಿಗಿಯಿತು.

"ಹೋದ ಸಲ ನೀವು ಹೋದ ಮೇಲೆ ಊರಿನವರೆಲ್ಲ ಹೇಳಿದ್ದು, ಅವರು ಬಾವಿಗೆ ಬಿಳಿ ಹುಡಿ ಹಾಕುವ ಸರಕಾರದವರು ಅಂತ. ಒಂದು ತಿಂಗಳು ಪಕ್ಕದ ಮನೆಯವರು ನಮ್ಮ ನೀರು ಮುಟ್ಟಲಿಲ್ಲ."

"ನಾನು ಏನೂ ಹಾಕಿಲ್ಲ ಅಮ್ಮ. ಸ್ವಲ್ಪ ಕಲ್ಲು ಕೆರೆದೆ, ಅಷ್ಟೆ."

"ಕುಡಿಯುವ ನೀರಿಗೆ ಜನ ಇಳಿದರೆ ಆಮೇಲೆ ನೀರೆಲ್ಲ ಎತ್ತಿ ಚೆಲ್ಲಬೇಕು. ನೀವು ಮೈಸೂರಿಗೆ ಹೋಗ್ತೀರಿ, ಚೆಲ್ಲುವುದು ಯಾರು?" ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಒಂದು ಕೆಲಸ ಮಾಡುವ. ಹೇಗೂ ಈ ತಿಂಗಳು ಬಾವಿಯ ಕೆಸರು ತೆಗೆಯಲಿಕ್ಕೆ ಉಂಟು. ಇಳಿಯುವುದಾದರೆ ಕೆಸರೂ ತೆಗೆದುಕೊಡಿ. ಮೇಲೆ ಎಳೆಯಲಿಕ್ಕೆ ನಮ್ಮ ಇಬ್ಬರು ಆಳು ಇದ್ದಾರೆ" ಎಂದರು.

ಎಂ.ಎಸ್‌ಸಿ. ಪ್ರಥಮ ದರ್ಜೆಯ ನಾನು ಪಂಚೆ ಎತ್ತಿ ಕಟ್ಟಿ, ಅಂಗಿ ತೆಗೆದು, ಹಗ್ಗ ಸೊಂಟಕ್ಕೆ ಬಿಗಿದುಕೊಂಡು ಇಳಿದೆ. ತಳದಲ್ಲಿ ಮೊಣಕಾಲುದ್ದ ನೀರು, ಅದರಡಿ ಒಂದಡಿ ಕೆಸರು. ಬುಟ್ಟಿ ಮೇಲಿಂದ ಬರುವುದು, ತುಂಬಿಸುವುದು, ಹಗ್ಗ ಅಲ್ಲಾಡಿಸುವುದು. ಮೇಲೇರುವ ಬುಟ್ಟಿಯಿಂದ ಅರ್ಧ ಕೆಸರು ನನ್ನ ತಲೆಯ ಮೇಲೇ. ನಲವತ್ತು ಬುಟ್ಟಿಯಾದ ಮೇಲೆ ಎಣಿಸುವುದನ್ನು ಬಿಟ್ಟೆ. ಮೇಲಿನಿಂದ ಕಮಲಕ್ಕ ಇಣುಕಿ, "ಆ ಮೂಲೆಯದ್ದು ಬಿಟ್ಟಿರಿ" ಎಂದು ತೋರಿಸಿಕೊಡುತ್ತಿದ್ದರು. ಅಯ್ಯೋ ದೇವರೇ, ನನ್ನ ಪ್ರೊಫೆಸರೂ ಇಷ್ಟು ಕಟ್ಟುನಿಟ್ಟಲ್ಲ!

ಮಧ್ಯಾಹ್ನ ಗಂಜಿ ಉಂಡು ಎರಡನೆಯ ಸಲ ಇಳಿದು ನನ್ನ ಕೆಲಸಕ್ಕೆ ತೊಡಗಿದೆ. ಕೆಸರು ಹೋಗಿದ್ದರಿಂದ ಗೋಡೆಯ ಬುಡ ಕಾಣುತ್ತಿತ್ತು. ಫೆಬ್ರವರಿಯಲ್ಲಿ ಕೆರೆದಿದ್ದ ಜಾಗ ಹುಡುಕಿ, ಈ ಸಲ ಪಾಚಿಯ ಸೋಂಕಿಲ್ಲದ ಒಳಗಿನ ಕಲ್ಲೇ ಬೇಕೆಂದು ಸುತ್ತಿಗೆಯಿಂದ ಬಲವಾಗಿ ಹೊಡೆದೆ. ಮೂರನೆಯ ಪೆಟ್ಟಿಗೆ ಸದ್ದು ಬೇರೆಯಾಯಿತು. ನಾಲ್ಕನೆಯದಕ್ಕೆ ಗೋಡೆಯ ಒಂದು ತುಂಡು, ನೆಟ್ಟಗೆ ಚೌಕವಾಗಿ, ನನ್ನ ಕಾಲಿನ ಪಕ್ಕಕ್ಕೆ ಬಿತ್ತು. ಅದರ ಹಿಂದಿನಿಂದ ಬಿಳಿ ಶೇಡಿ ಗಂಜಿಯ ಹಾಗೆ ಸುರಿಯಲಾರಂಭಿಸಿತು.

ನಾನು ಎರಡು ಕೈಯಲ್ಲೂ ಆ ತೂತು ಒತ್ತಿ ಹಿಡಿದು ನಿಂತೆ. ಮೇಲೆ ಯಾರೋ ಕೂಗಿದರು. ಕಮಲಕ್ಕನ ತಲೆ ಕಂಡಿತು.

"ಎಂತ ಮಾಡಿದ್ರಿ? ಕಟ್ಟಿದ ಕಲ್ಲು ಕಿತ್ತು ಹಾಕಿದ್ರಾ!"

"ಕಟ್ಟಿದ ಕಲ್ಲೇ?" ಎಂದೆ.

"ಮತ್ತೆ? ಅಡಿಯಲ್ಲಿ ಹದಿನೈದು ಅಡಿ ಪೂರಾ ಕಟ್ಟಿದ್ದು. ಕಟ್ಟದೆ ಇದ್ದರೆ ಬಾವಿ ನಿಲ್ಲುತ್ತದಾ?"

ಫೆಬ್ರವರಿಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಬಸ್ಸಿನ ಹೊತ್ತಾಯಿತೆಂದು ಅವಸರದಲ್ಲಿ ಇಳಿದು, ಕೆರೆದು, ಹತ್ತಿ ಓಡಿದ್ದೆ. ಮನುಷ್ಯರು ಕಟ್ಟಿದ ಗೋಡೆಯನ್ನು ಹುಟ್ಟುಬಂಡೆ ಎಂದು ಬರೆದುಕೊಂಡಿದ್ದೆ. ಸರೋಜ ಸರಿಯಾಗಿಯೇ ನೋಡಿದ್ದರು, ಸರಿಯಾಗಿಯೇ ಹೇಳಿದ್ದರು. ಕಿತ್ತ ಕಲ್ಲನ್ನು ಹೇಗೋ ತಿರುಗಿ ಸಿಕ್ಕಿಸಿ, ಸುತ್ತ ಕೆಸರು ಮೆತ್ತಿ, ಸುರಿದ ಶೇಡಿಯಲ್ಲಿ ಎರಡು ಹಿಡಿ ಚೀಲಕ್ಕೆ ತುಂಬಿಸಿಕೊಂಡು ಮೇಲೆ ಬಂದೆ.

ಕಮಲಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇದನ್ನು ಕಟ್ಟಿದ್ದು ತನಿಯಪ್ಪ. ಅವನೇ ಬಂದು ಸರಿ ಮಾಡಬೇಕು, ಬೇರೆಯವರ ಕೈಯಲ್ಲಿ ಆಗುದಿಲ್ಲ. ಈಗ ಮೂಡುಬಿದಿರೆಯಲ್ಲಿ ಬಾವಿ ತೋಡುತ್ತಾ ಇದ್ದಾನೆ. ನೀವೇ ಹೋಗಿ ಹೇಳಿ. ಮಳೆ ಬರುವ ಮೊದಲು ಬರಬೇಕು ಅಂತ ಹೇಳಿ" ಎಂದರು.

"ಆ ಕಲ್ಲುಗಳನ್ನ ಎಲ್ಲಿಂದ ತಂದಿದ್ದು?"

"ಅದು ನನಗೆ ಗೊತ್ತಿಲ್ಲ. ತನಿಯಪ್ಪನ ಹತ್ತಿರ ಕೇಳಿ."

ಕೇಳಲೇಬೇಕಾಗಿತ್ತು. ತಳದ ಕಲ್ಲು ಬೇರೆ ಊರಿನದಾಗಿದ್ದರೆ ಎರಡೂ ಗೆರೆಗೆ ಗೆರೆ ಸರಿಹೋದದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತಿತ್ತು. ಸಮಿತಿಯ ಎದುರು ಅರ್ಧ ಉತ್ತರ ಹಿಡಿದುಕೊಂಡು ನಿಂತರೆ ಸರೋಜರಿಗೆ ಉಪಯೋಗವಿಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಗುರುವಾಯನಕೆರೆಗೆ ಬಂದು, ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಹೋದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇಬ್ಬರು ವಕೀಲರು ಜಗಳವಾಡುತ್ತಿದ್ದರು. ಒಬ್ಬ, ನೀನು ಬೇಕೆಂದು ಮಾಡಿದ್ದಲ್ಲವಲ್ಲ ಅನ್ನುತ್ತಿದ್ದ. ಇನ್ನೊಬ್ಬ, ಕತ್ತಲ ಕೋಣೆಯ ಕಡೆ ಕೈ ತೋರಿಸಿದ್ದು ಬೇಕೆಂದೇ ತಾನೇ ಅನ್ನುತ್ತಿದ್ದ. ಎರಡನೆಯವನ ಬಾಯಿ ಮುಚ್ಚಿಸಲು ಆಗಲಿಲ್ಲ.

ಮೂಡುಬಿದಿರೆಯ ಬಸ್ಸು ನಿಲ್ದಾಣದಲ್ಲಿ ಕೇಳಿದ್ದಕ್ಕೆ ತನಿಯಪ್ಪ ಇರುವ ಜಾಗ ಯಾರೋ ಹೇಳಿದರು. ಬಸದಿಗಳ ಬೀದಿ ದಾಟಿ ಒಂದು ಮೈಲಿ. ಸಾವಿರ ಕಂಬದ ಬಸದಿಯ ಎದುರಿನಿಂದಲೇ ಹೋದೆ. ಅಷ್ಟು ದೂರದಿಂದ ಜನ ಅದನ್ನು ನೋಡಲು ಬರುತ್ತಾರೆ, ನಾನು ಬೇಲಿಯಾಚೆಯಿಂದ ಒಂದು ಕಣ್ಣು ಹಾಯಿಸಿ ನಡೆದೆ. ಕರಿಕಲ್ಲಿನ ಕಂಬಗಳು, ಸುತ್ತ ಮುರಕಲ್ಲಿನ ಗೋಡೆ. ಒಳಗೆ ಹೋಗುವಷ್ಟು ಸಮಾಧಾನ ನನ್ನಲ್ಲಿರಲಿಲ್ಲ.

ತನಿಯಪ್ಪ ಇಪ್ಪತ್ತು ಅಡಿ ಆಳದಲ್ಲಿ ಪಿಕ್ಕಾಸು ಹಿಡಿದು ನಿಂತಿದ್ದ. ಮೈಯೆಲ್ಲ ಕೆಂಪು ಹುಡಿ. ಮೇಲೆ ಬಂದು ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ನನಗೆ ಕನ್ನಡ ಅಷ್ಟು ಬರುದಿಲ್ಲ ಸ್ವಾಮಿ, ಮೆಲ್ಲ ಹೇಳಿ" ಎಂದ. ಮೆಲ್ಲ ಹೇಳುವುದು ನನಗೆ ಬರುತ್ತಿರಲಿಲ್ಲ. ಆದರೂ ಕಮಲಕ್ಕನ ಬಾವಿಯ ಕಥೆ ಹೇಳಿ ಮುಗಿಸಿ, ತಳಕ್ಕೆ ಕಟ್ಟಿದ ಕಲ್ಲು ಎಲ್ಲಿಯದು ಎಂದು ಕೇಳಿದೆ.

"ಎಲ್ಲಿಯದ್ದು ಅಂದರೆ? ಅದೇ ಬಾವಿಯದ್ದು. ಮೇಲೆ ಕಡಿದ ಕಲ್ಲನ್ನು ಒಂದು ಬದಿಯಲ್ಲಿ ಇಡುದು, ಅಡಿಯಲ್ಲಿ ಶೇಡಿ ಬಂದ ಕೂಡಲೇ ಇಳಿಸಿ ಕಟ್ಟುದು. ಬೇರೆ ಕಡೆಯಿಂದ ಹೊತ್ತು ತರಲಿಕ್ಕೆ ಯಾರಿಗೆ ಮರ್ಲು?"

"ಮತ್ತೆ ಸಂದು ಯಾಕೆ ಕಾಣಲಿಲ್ಲ? ನಾನು ಇಷ್ಟು ಹತ್ತಿರದಿಂದ ನೋಡಿದೆ."

ತನಿಯಪ್ಪ ಅಗಿಯುವುದನ್ನು ನಿಲ್ಲಿಸಿದ. "ಕಾಣಲಿಲ್ಲವಾ?"

"ಇಲ್ಲ."

"ಇಷ್ಟು ಕಲಿತವರಿಗೆ ಕಾಣಲಿಲ್ಲವಾ?"

"ಇಲ್ಲ ಅಂದೆನಲ್ಲ! ಹುಟ್ಟಿದ ಕಲ್ಲೇ ಅಂದುಕೊಂಡೆ."

ಅವನ ಮುಖ ಅರಳಿದ್ದನ್ನು ನೋಡಬೇಕಾಗಿತ್ತು. ಬಾವಿಯೊಳಗಿದ್ದ ಜೊತೆಗಾರರಿಬ್ಬರನ್ನು ಕೂಗಿ ಕರೆದು ತುಳುವಿನಲ್ಲಿ ಏನೋ ಹೇಳಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನಗೆ ವಿವರಿಸಿದ: ಕಲ್ಲನ್ನು ಬಾಚಿಯಿಂದ ಕೆತ್ತಿ ಕೆತ್ತಿ ಕೂರಿಸಿ, ಅದೇ ಕಲ್ಲಿನ ಹುಡಿಯನ್ನು ನೀರಿನಲ್ಲಿ ಕಲಸಿ ಸಂದಿಗೆ ತುಂಬಿ, ಅಂಗೈಯಿಂದ ಉಜ್ಜುವುದು. ನಾಲ್ಕು ಮಳೆಗಾಲ ಕಳೆದರೆ ನೀರಿನಲ್ಲಿ ಬರುವ ತುಕ್ಕು ಹಿಡಿದು ಎಲ್ಲ ಒಂದಾಗುತ್ತದೆ. "ಸಂದು ಕಂಡರೆ ಏಡಿ ಸೇರ್ತದೆ, ಬೇರು ಇಳಿಯುತ್ತದೆ. ಕಾಣದ ಹಾಗೆ ಕಟ್ಟುದೇ ಕೆಲಸ. ಮೈಸೂರಿನವರಿಗೂ ಕಾಣಲಿಲ್ಲ ಅಂತ ಕಮಲಕ್ಕನಿಗೆ ಹೇಳ್ತೇನೆ" ಎಂದ.

ನನಗೆ ಮೈಯೆಲ್ಲ ಉರಿಯಿತು. ಇವನ ಕೈಚಳಕಕ್ಕೆ ಮೈಸೂರಿನಲ್ಲಿ ಒಬ್ಬರ ಕೆಲಸ ಹೋಗುವುದರಲ್ಲಿದೆ ಎಂದು ಹೇಳಿಯೂ ಬಿಟ್ಟೆ. ತನಿಯಪ್ಪ ನಗು ನಿಲ್ಲಿಸಿದ.

"ಅದು ಹೇಗೆ ಸ್ವಾಮಿ? ನಾನು ಅಡಗಿಸಿ ಇಟ್ಟದ್ದಲ್ಲ. ಕೇಳಿದರೆ ಹೇಳ್ತಿದ್ದೆ."

ತಲೆ ತಗ್ಗಿಸಿದೆ. ಅವನು ಎದ್ದು, "ಬನ್ನಿ, ಇದರಲ್ಲಿ ಇನ್ನೂ ಕಲ್ಲು ಕಟ್ಟಿಲ್ಲ. ಬೇಕಾದ್ದು ತೆಗೆಯುವ" ಎಂದು ನನ್ನನ್ನು ಹೊಸ ಬಾವಿಗೆ ಇಳಿಸಿದ. ಮೇಲೆ ಕೆಂಪು, ನಡುವೆ ಮಾಸಲು, ತಳದಲ್ಲಿ ಅಗೆಯುವಾಗ ನಿನ್ನೆಯಷ್ಟೇ ಸಿಕ್ಕಿದ ಶೇಡಿ. ಎರಡೆರಡು ಅಡಿಗೆ ಒಂದರಂತೆ ತಾನೇ ಕಡಿದು ನನ್ನ ಚೀಲಕ್ಕೆ ಹಾಕಿದ. ನಾನು ಚೀಟಿ ಬರೆದೆ. "ಈ ಶೇಡಿ ಮೊದಲು ಮೇಲಿನ ಹಾಗೆಯೇ ಕಲ್ಲಾ ಸ್ವಾಮಿ?" ಎಂದು ಕೇಳಿದ. ಎರಡೂ ಒಂದೇ ಬಂಡೆಯಿಂದ ಆದದ್ದು, ನೀರು ಕೆಲವನ್ನು ಮೇಲೆ ಬಿಟ್ಟು ಕೆಲವನ್ನು ಕೆಳಗೆ ಒಯ್ಯುತ್ತದೆ, ನನ್ನ ಓದೂ ಅದೇ ಎಂದೆ. ತನಿಯಪ್ಪ ತಲೆಯಾಡಿಸಿ, "ನೀರು ಇಳಿಸುತ್ತದೆ, ನಾವೂ ಇಳಿಸ್ತೇವೆ. ಯಾರು ಇಳಿಸಿದ್ದು ಅಂತ ನೀವು ನೋಡಬೇಕು" ಎಂದ. ಸೋಮವಾರವೇ ಮುಂಡಾಜೆಗೆ ಹೋಗಿ ಕಲ್ಲು ಕೂರಿಸುತ್ತೇನೆಂದು ಮಾತು ಕೊಟ್ಟ.

ಪೇಟೆಗೆ ವಾಪಸು ಬಂದಾಗ ಹನ್ನೊಂದೂವರೆ. ಅಂಚೆ ಕಚೇರಿ ತೆರೆದಿತ್ತು. ತಂತಿ ಕೊಡುವ ಫಾರಂ ತೆಗೆದುಕೊಂಡು ಸರೋಜರ ವಿಳಾಸ ಬರೆದೆ. ತಪ್ಪು ನನ್ನದು, ನಿಮ್ಮ ಪ್ಲೇಟು ಸರಿ, ಭಾನುವಾರ ಬರುತ್ತೇನೆ. ಇಷ್ಟೇ ಬೇಕಾಗಿತ್ತು. ಸಂಜೆಯೊಳಗೆ ಮುಟ್ಟುತ್ತಿತ್ತು. ಬರೆದದ್ದನ್ನು ಎರಡು ಸಲ ಓದಿದೆ. ಓದುತ್ತಿದ್ದಂತೆ, ತಂತಿಯಲ್ಲಿ ಇದೆಲ್ಲ ಅರ್ಥವಾಗುವುದಿಲ್ಲ, ಹೇಗೂ ಎರಡು ದಿನ ತಾನೇ, ಎದುರಿಗೆ ಕೂತು ಬಿಡಿಸಿ ಹೇಳುವುದೇ ಸರಿ ಅನ್ನಿಸಿತು. ಹೊಸ ಚೀಲಗಳನ್ನೂ ತೋರಿಸಿದರೆ ತೂಕ ಬರುತ್ತದೆ ಅನ್ನಿಸಿತು. ಫಾರಂ ಹರಿದು ಕಿಸೆಗೆ ಹಾಕಿಕೊಂಡೆ. ಅದು ಹೇಡಿತನ, ಬೇರೇನೂ ಅಲ್ಲ. ಬರಹದಲ್ಲಿ ನನ್ನ ತಪ್ಪು ನನಗಿಂತ ಮೊದಲು ಮೈಸೂರಿಗೆ ಹೋಗುವುದು ನನಗೆ ಬೇಡವಾಗಿತ್ತು.

ಆ ದಿನ ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ ಬಂದು ಭಟ್ಟರ ಹೋಟೆಲಿನಲ್ಲೇ ಉಳಿದೆ. ಮಧ್ಯಾಹ್ನವೇ ಗುಡುಗು ಸಹಿತ ಮಳೆ ಹೊಡೆಯಿತು. "ಲೆಕ್ಕ ಸರಿಯಾಯಿತಾ?" ಎಂದು ಭಟ್ಟರು ಕೇಳಿದರು. ಸರಿಯಾಯಿತು ಎಂದೆ. "ಮತ್ತೆ ಮುಖ ಯಾಕೆ ಹೀಗೆ ಮಾಡಿಕೊಂಡದ್ದು?" ಎಂದರು. ಭಾನುವಾರ ಇಡೀ ದಿನ ಬಸ್ಸಿನಲ್ಲಿ ಕಳೆಯಿತು. ಪಾಣೆಮಂಗಳೂರಿನ ಸೇತುವೆಯ ಮೇಲೆ ತಿರುಗಿ ನೋಡಿದರೆ ಒಂದೇ ಮಳೆಗೆ ನದಿಯ ನೀರು ಕೆಂಪಾಗಿತ್ತು. ಚೀಲಗಳನ್ನು ಮಡಿಲಿನಿಂದ ಇಳಿಸಲಿಲ್ಲ. ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಾ ಮೈಸೂರು ಸೇರಿದೆ.

ಸೋಮವಾರ ಒಂಬತ್ತು ಗಂಟೆಗೆ ವಿಭಾಗಕ್ಕೆ ಹೋದಾಗ ಸರೋಜ ಕತ್ತಲ ಕೋಣೆಯಿಂದ ತಮ್ಮ ಸಾಮಾನು ಹೊರಗೆ ತೆಗೆದಿಡುತ್ತಿದ್ದರು. ಒಂದು ಶಾಲು, ಊಟದ ಡಬ್ಬಿ, ಕೈ ಒರೆಸುವ ಬಟ್ಟೆ.

"ಏನ್ರೀ ಇದು?" ಎಂದೆ.

"ಪ್ರೊಫೆಸರಿಗೆ ಕಾಗದ ಬರೆದು ಕೊಟ್ಟುಬಿಟ್ಟೆ ರಾಯರೇ. ಈಗ ತಾನೇ. ನನ್ನ ಕೈಯಲ್ಲೇ ಅದಲುಬದಲಾಯ್ತು ಅಂತ ಬರ್ದಿದೀನಿ. ಸಮಿತಿಯವರ ಮುಂದೆ ನಿಲ್ಲೋಕೆ ಆಗಲ್ಲ ನನಗೆ."

"ಯಾಕೆ ಬರೆದ್ರಿ? ಅದಲುಬದಲು ಆಗಿಲ್ಲವಲ್ಲ!"

"ಆಗಿದೆ. ನೀವು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ದಿನಾ ಯೋಚನೆ ಮಾಡ್ದೆ. ಆ ದಿನ ಬೆಳಿಗ್ಗೆಯಿಂದ ಏನೇನು ಮಾಡ್ದೆ, ಯಾವ ಚೀಲ ಮೊದಲು ಬಿಚ್ಚಿದೆ, ಯಾವ ಹುಡಿ ಎಲ್ಲಿಟ್ಟೆ. ಮೊದಮೊದಲು ನೆನಪಾಗಲಿಲ್ಲ. ನಿನ್ನೆ ಸಂಜೆ ನೆನಪಾಯ್ತು. ಯಾರೋ ಬಾಗಿಲು ಬಡಿದ್ರು, ಎದ್ದು ಹೋದೆ, ವಾಪಸು ಬಂದು ಎಡಗಡೆಯದನ್ನ ಬಲಗಡೆ ಇಟ್ಟೆ. ಚೆನ್ನಾಗಿ ನೆನಪಾಯ್ತು."

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ನಿನ್ನೆ ಸಂಜೆ. ಶನಿವಾರ ಮಧ್ಯಾಹ್ನ ನಾನು ಆ ತಂತಿ ಕೊಟ್ಟಿದ್ದರೆ ಈ ನೆನಪು ಹುಟ್ಟುತ್ತಲೇ ಇರಲಿಲ್ಲ. 'ತಪ್ಪು ನಂದು, ನಿಮ್ಮ ಪ್ಲೇಟು ಸರಿ, ಅದು ಕಟ್ಟಿದ ಕಲ್ಲು' ಎಂದು ತೊದಲುತ್ತಾ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. "ಒಳಗೆ ಬನ್ನಿ, ಅಲ್ಲೇ ಹೇಳ್ತೀನಿ" ಎಂದು ಪ್ರೊಫೆಸರ ಕೋಣೆಗೆ ನುಗ್ಗಿದೆ. ಸರೋಜ ಬಾಗಿಲಿನ ಹೊರಗೇ ನಿಂತರು. ಪ್ರೊಫೆಸರು ಬಾಗಿಲು ಹಾಕಿಕೊಂಡು ಬರಲು ಹೇಳಿದರು. ತೆರೆದೇ ಇರಲಿ ಸಾರ್ ಎಂದೆ. ಮುಂಡಾಜೆಯ ಬಾವಿಯಿಂದ ಮೂಡುಬಿದಿರೆಯ ಬಾವಿಯವರೆಗೆ ಎಲ್ಲ ಹೇಳಿದೆ. ಮೇಲಿನ ಕಲ್ಲನ್ನೇ ಕೆಳಗೆ ಕಟ್ಟಿದ್ದು, ನಾನು ಯಾರನ್ನೂ ಕೇಳದೆ ಇದ್ದದ್ದು, ಅಂಚೆ ಕಚೇರಿಯಲ್ಲಿ ಫಾರಂ ಹರಿದದ್ದು, ಯಾವುದನ್ನೂ ಬಿಡಲಿಲ್ಲ.

ಪ್ರೊಫೆಸರು, "ನಿಮ್ಮ ಪ್ರಬಂಧದ ಮಾತು ಆಮೇಲೆ ಆಡೋಣ" ಎಂದಷ್ಟೇ ಹೇಳಿ, ಮೇಜಿನ ಮೇಲಿದ್ದ ಸರೋಜರ ಕಾಗದವನ್ನು ತಾವೇ ಎದ್ದು ಬಂದು ಅವರ ಕೈಗೆ ಕೊಟ್ಟರು. "ಇದು ನನಗೆ ಬರಲೇ ಇಲ್ಲ. ಹೋಗಿ ಕೆಲಸ ಮಾಡಮ್ಮ. ಸಮಿತಿಗೆ ನಾನು ಹೇಳ್ತೀನಿ" ಎಂದರು.

ಮೊಗಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಸರೋಜ ಆ ಕಾಗದವನ್ನು ಬಿಚ್ಚಿ ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೆ ಮೊದಲಿನಿಂದ ಓದಿದರು. ನಾನು ಕ್ಷಮಿಸಿ ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

"ಬಾಗಿಲು ಬಡಿದದ್ದು ನನಗೆ ಈಗಲೂ ಕೇಳಿಸುತ್ತೆ" ಎಂದರು. ಆಮೇಲೆ ಕಾಗದವನ್ನು ನಾಲ್ಕಾಗಿ ಮಡಿಸಿ ನನ್ನ ಕಡೆ ಚಾಚಿದರು.

"ಇದನ್ನ ನೀವೇ ಇಟ್ಕೊಳ್ಳಿ ರಾಯರೇ. ನನ್ನ ಹತ್ತಿರ ಇದ್ರೆ ಮತ್ತೆ ನಂಬಿಬಿಡ್ತೀನಿ."

ನಾನು ತೆಗೆದುಕೊಂಡೆ.